ದೊಡ್ಡಬಳ್ಳಾಪುರದಿಂದ ದೇವನಹಳ್ಳಿವರೆಗೆ ಒಂದು ಡಿಶ್

ದೊಡ್ಡಬಳ್ಳಾಪುರದಲ್ಲಿ ಒಂದು ಗೂಟ ಹೊಡೆಯಿರಿ, ದೇವನಹಳ್ಳಿಯಲ್ಲಿ ಇನ್ನೊಂದು. ರಸ್ತೆಯ ಅಂಕುಡೊಂಕು ಬಿಟ್ಟು ನೇರವಾಗಿ ಹಗ್ಗ ಎಳೆದರೆ ಹತ್ತಿರಹತ್ತಿರ 20 ಕಿ.ಮೀ. ಆಗುತ್ತದೆ. ಅಷ್ಟು ಅಗಲದ ಒಂದು ಡಿಶ್ ಆಂಟೆನಾವನ್ನು ಊಹಿಸಿಕೊಳ್ಳಿ. ಅದರ ಒಂದಂಚು ಮಗ್ಗಗಳ ಊರಿನಲ್ಲಿ, ಇನ್ನೊಂದಂಚು ಟಿಪ್ಪು ಹುಟ್ಟಿದ ಊರಿನ ಕೋಟೆ ಬಾಗಿಲಲ್ಲಿ. ಇದನ್ನು ಎತ್ತಿ ನೆಲದಿಂದ 747 ಕಿ.ಮೀ. ಮೇಲೆ ನಿಲ್ಲಿಸಬೇಕು.

ಹುಚ್ಚು ಲೆಕ್ಕ ಅನ್ನಿಸಬಹುದು. 24 ಸೆಂ.ಮೀ. ಉದ್ದದ ರೇಡಿಯೋ ಅಲೆಯನ್ನು ಹಿಡಿದು, ಅಷ್ಟು ಎತ್ತರದಿಂದ, ನೆಲದ ಮೇಲೆ ಹತ್ತು ಮೀಟರ್ ಅಂತರದಲ್ಲಿರುವ ಎರಡು ವಸ್ತುಗಳನ್ನು ಬೇರೆಬೇರೆಯಾಗಿ ಕಾಣಬೇಕೆಂದರೆ ಭೌತಶಾಸ್ತ್ರ ಕೇಳುವ ಬೆಲೆ ಇದೇ: ಸುಮಾರು 19 ಕಿ.ಮೀ. ಅಗಲದ ಡಿಶ್. ಇದರಲ್ಲಿ ಚೌಕಾಸಿ ನಡೆಯುವುದಿಲ್ಲ. 2025ರ ಜುಲೈ 30ರ ಸಂಜೆ 5.40ಕ್ಕೆ ಶ್ರೀಹರಿಕೋಟದಿಂದ ಜಿಎಸ್‌ಎಲ್‌ವಿ-ಎಫ್16 ರಾಕೆಟ್ ಏರಿ ಹೋದ ನೈಸಾರ್ ಉಪಗ್ರಹದ ಡಿಶ್ ಎಷ್ಟು ಅಗಲ ಗೊತ್ತೆ? 12 ಮೀಟರ್. ತೂಕ 64 ಕೆ.ಜಿ., ಒಬ್ಬ ಸಾಧಾರಣ ಮೈಕಟ್ಟಿನ ಮನುಷ್ಯನಷ್ಟು. 123 ಕಡ್ಡಿಗಳ ಚೌಕಟ್ಟು, ಅದರ ಮೇಲೆ ಚಿನ್ನದ ಲೇಪವಿರುವ ತಂತಿಯ ಬಲೆ. ಬೇಕಾದ ಅಳತೆಗಿಂತ ಒಂದೂವರೆ ಸಾವಿರ ಪಟ್ಟು ಚಿಕ್ಕದು. ಆದರೂ ಕೆಲಸ ಮಾತ್ರ ಆ 19 ಕಿ.ಮೀ. ಡಿಶ್ಶಿನದೇ.

ಇದರ ಗುಟ್ಟು ಓಟದಲ್ಲಿದೆ. ಉಪಗ್ರಹ ಸೆಕೆಂಡಿಗೆ ಏಳೂವರೆ ಕಿ.ಮೀ. ವೇಗದಲ್ಲಿ ಓಡುತ್ತಿರುತ್ತದೆ. ನೆಲದ ಮೇಲಿನ ಒಂದು ಬಿಂದು ಅದರ ರೇಡಾರ್ ಕಿರಣದೊಳಗೆ ಇರುವುದು ಸುಮಾರು ಎರಡೂವರೆ ಸೆಕೆಂಡು ಮಾತ್ರ. ಅಷ್ಟರಲ್ಲಿ ಉಪಗ್ರಹ ದೊಡ್ಡಬಳ್ಳಾಪುರದಿಂದ ದೇವನಹಳ್ಳಿಗಿರುವಷ್ಟು ದೂರ ಸರಿದುಬಿಟ್ಟಿರುತ್ತದೆ. ಆ ಬಿಂದುವಿಗೆ ಸಾವಿರಾರು ಸಲ ರೇಡಿಯೋ ಮಿಡಿತ ಕಳಿಸಿ, ಅಷ್ಟೂ ಮಾರ್ದನಿಗಳನ್ನು ಬರೆದಿಟ್ಟುಕೊಂಡಿರುತ್ತದೆ. ಬೇರೆಬೇರೆ ಜಾಗದಲ್ಲಿ ನಿಂತು ಕೇಳಿದ ಆ ಮಾರ್ದನಿಗಳನ್ನು ಆಮೇಲೆ ಕಂಪ್ಯೂಟರಿನಲ್ಲಿ ಒಟ್ಟುಗೂಡಿಸಿದರೆ, ಸರಿದ ದೂರವೆಲ್ಲ ಒಂದೇ ಡಿಶ್ ಆದಂತೆ. ಇಲ್ಲದ ಡಿಶ್ಶನ್ನು ಲೆಕ್ಕದಲ್ಲಿ ಕಟ್ಟುವ ಈ ಉಪಾಯ ಅಮೆರಿಕದ ಕಾರ್ಲ್ ವೈಲಿ ಎಂಬ ಎಂಜಿನಿಯರಿಗೆ 1951ರಲ್ಲಿ ಹೊಳೆಯಿತು. ಆಗಿನ್ನೂ ಒಂದು ಉಪಗ್ರಹವೂ ಹಾರಿರಲಿಲ್ಲ.

ನೈಸಾರ್ ಅಂದರೆ ನಾಸಾ ಮತ್ತು ಇಸ್ರೋ ಜಂಟಿಯಾಗಿ ಮಾಡಿದ ರೇಡಾರ್ ಉಪಗ್ರಹ. 2014ರ ಸೆಪ್ಟೆಂಬರ್ 30ರಂದು ಒಪ್ಪಂದಕ್ಕೆ ಸಹಿ ಬಿತ್ತು. 24 ಸೆಂ.ಮೀ. ಅಲೆಯ ಎಲ್-ಬ್ಯಾಂಡ್ ರೇಡಾರ್ ನಾಸಾದ್ದು, ಅದಕ್ಕಿಂತ ಗಿಡ್ಡ ಅಲೆಯ ಎಸ್-ಬ್ಯಾಂಡ್ ರೇಡಾರ್ ಅಹಮದಾಬಾದಿನ ಇಸ್ರೋ ಕೇಂದ್ರದ್ದು. ಎರಡನ್ನೂ ಹೊತ್ತೊಯ್ಯುವ ಉಪಗ್ರಹದ ಮೈ ತಯಾರಾದದ್ದು ಬೆಂಗಳೂರಿನ ಯು.ಆರ್. ರಾವ್ ಉಪಗ್ರಹ ಕೇಂದ್ರದಲ್ಲಿ. ಅಮೆರಿಕದಿಂದ ಬಂದ ರೇಡಾರನ್ನು ಆ ಮೈಗೆ ಜೋಡಿಸಿ, ಕಾಯಿಸಿ, ತಣ್ಣಗಾಗಿಸಿ, ಅಲುಗಾಡಿಸಿ ಪರೀಕ್ಷೆ ಮಾಡಿದ್ದೂ ಬೆಂಗಳೂರಿನಲ್ಲೇ. ನಡುವೆ ಒಂದು ಎಡವಟ್ಟು ಆಯಿತು. ಮಡಿಚಿಟ್ಟ ಸ್ಥಿತಿಯಲ್ಲಿ ಡಿಶ್ ಅಂದುಕೊಂಡದ್ದಕ್ಕಿಂತ ಹೆಚ್ಚು ಬಿಸಿಯಾದೀತೆಂದು ಗೊತ್ತಾಗಿ, ಅದನ್ನು ಬಿಚ್ಚಿ ಕ್ಯಾಲಿಫೋರ್ನಿಯಾಗೆ ವಾಪಸ್ ಕಳಿಸಿ, ಬಿಸಿಲು ತಡೆಯುವ ಲೇಪ ಹಚ್ಚಿಸಿ, 2024ರ ಅಕ್ಟೋಬರಿನಲ್ಲಿ ಮತ್ತೆ ವಿಮಾನದಲ್ಲಿ ಬೆಂಗಳೂರಿಗೆ ತರಬೇಕಾಯಿತು. 64 ಕೆ.ಜಿ. ಸಾಮಾನಿಗಾಗಿ ಅರ್ಧ ಭೂಮಿ ಸುತ್ತಿದ ಪ್ರಯಾಣ! ಕೊನೆಗೆ 2025ರ ಆಗಸ್ಟ್ 15ರಂದು ಅದು ಆಕಾಶದಲ್ಲಿ ಅರಳಿತು. ದಿನ ಬೇಕೆಂದೇ ಆರಿಸಿದ್ದೋ ತಾನಾಗಿ ಒದಗಿದ್ದೋ, ಚೆನ್ನಾಗಿಯೇ ಒದಗಿತು.

ನೆಲಮಂಗಲದ ಕಡೆಗೆ ಹೋಗುವ ಬಸ್ಸುಗಳೆಲ್ಲ ಹಾದುಹೋಗುವ ಪೀಣ್ಯದಲ್ಲಿ, ಆಸ್ಬೆಸ್ಟಾಸ್ ಶೀಟು ಹೊದಿಸಿದ ಶೆಡ್ಡುಗಳಲ್ಲಿ, ಆ ಕೇಂದ್ರಕ್ಕೆ ಹೆಸರಾದ, ಉಡುಪಿ ಕಡೆಯ ಅದಮಾರಿನ ಯು.ಆರ್. ರಾವ್ ಮತ್ತವರ ಹುಡುಗರು ಭಾರತದ ಮೊದಲ ಉಪಗ್ರಹ ಆರ್ಯಭಟವನ್ನು ಕಟ್ಟಿದ್ದರು. 1975ರಲ್ಲಿ ಹಾರಿದ ಅದರ ತೂಕ 360 ಕೆ.ಜಿ. ನೈಸಾರ್ ತೂಕ ಸುಮಾರು 2,400 ಕೆ.ಜಿ. ಐವತ್ತು ವರ್ಷ, ಆರೂವರೆ ಪಟ್ಟು ತೂಕ. ಈ ಬೆಳವಣಿಗೆಯನ್ನು ಕೆ.ಜಿ.ಯಲ್ಲಿ ಅಳೆಯುವುದೇ ತಪ್ಪು ಅನ್ನುವವರಿದ್ದರೆ ನಾನೂ ಅವರ ಕಡೆಗೇ.

ವೇಗದ ಲೆಕ್ಕ ನೋಡಿ. ನೆಲಮಂಗಲದಿಂದ ದೊಡ್ಡಬಳ್ಳಾಪುರಕ್ಕಿರುವಷ್ಟು ದೂರ ನೈಸಾರ್‌ಗೆ ನಾಲ್ಕು ಸೆಕೆಂಡಿನ ದಾರಿ. ಹೋಗುತ್ತಾ ಹೋಗುತ್ತಾ ಅದು ಚಿತ್ರಿಸುವ ಪಟ್ಟಿಯ ಅಗಲ 240 ಕಿ.ಮೀ. ನೆಲದ ಮೇಲೆ ಅದರ ನೆರಳು ಸರಿಯುವುದು ಏಳೂವರೆ ಕಿ.ಮೀ.ಗಿಂತ ತುಸು ನಿಧಾನ; ಆ ಲೆಕ್ಕದಲ್ಲಿ ಪ್ರತಿ ಸೆಕೆಂಡಿಗೆ ಸುಮಾರು 1,600 ಚದರ ಕಿ.ಮೀ. ನೆಲ ಅದರ ಲೆಕ್ಕಕ್ಕೆ ಜಮಾ. ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲ ನಾಲ್ಕೂ ತಾಲ್ಲೂಕು ಸೇರಿದ ಬೆಂಗಳೂರು ಗ್ರಾಮಾಂತರ ಜಿಲ್ಲೆಯ ವಿಸ್ತೀರ್ಣ ಸುಮಾರು 2,300 ಚದರ ಕಿ.ಮೀ. ಒಂದೂವರೆ ಸೆಕೆಂಡಿನೊಳಗೆ ಜಿಲ್ಲೆ ಮುಗಿಯಿತು. ಸರ್ವೆ ಇಲಾಖೆಯಲ್ಲಿ ಪೋಡಿಗೆ ಅರ್ಜಿ ಹಾಕಿ ಕಾಯುತ್ತಿರುವ ರೈತರ ಮುಂದೆ ಈ ಅಂಕಿ ಹೇಳದಿರುವುದೇ ಒಳ್ಳೆಯದು.

ಇಷ್ಟೆಲ್ಲ ಸರಂಜಾಮು ಇರುವುದು ನಮ್ಮ ಜಿಲ್ಲೆ ನೋಡಲಿಕ್ಕಷ್ಟೇ ಅಲ್ಲ. ಭೂಕಂಪ, ಭೂಕುಸಿತ, ಕಾಡು, ಬೆಳೆ ಎಲ್ಲವೂ ಅದರ ಪಟ್ಟಿಯಲ್ಲಿವೆ. ನನಗೆ ಎಲ್ಲಕ್ಕಿಂತ ಹೆಚ್ಚು ಬೆರಗು ಹುಟ್ಟಿಸುವುದು ಧ್ರುವದ ಮಂಜನ್ನು ಅಳೆಯುವ ಅದರ ಕೆಲಸ. ಧ್ರುವದಲ್ಲಿ ತಿಂಗಳುಗಟ್ಟಲೆ ಸೂರ್ಯ ಹುಟ್ಟುವುದಿಲ್ಲ. ಹುಟ್ಟಿದ ತಿಂಗಳುಗಳಲ್ಲಿ ಮೋಡ ಬಿಡುವುದಿಲ್ಲ. ಮಾಮೂಲಿ ಕ್ಯಾಮೆರಾದ ಉಪಗ್ರಹ ಅಲ್ಲಿ ವರ್ಷದ ಬಹುಪಾಲು ಕುರುಡು. ರೇಡಾರ್ ತನ್ನ ದೀಪ ತಾನೇ ಒಯ್ಯುತ್ತದೆ, ಮೋಡವನ್ನು ಲೆಕ್ಕಕ್ಕೇ ಇಟ್ಟುಕೊಳ್ಳುವುದಿಲ್ಲ.

ಆ ಮಂಜಿನ ನಾಡು ಎಷ್ಟು ದೂರ? ಭಾರತದ ‘ಭಾರತಿ’ ಸಂಶೋಧನಾ ಠಾಣೆ ಅಂಟಾರ್ಕ್ಟಿಕಾದ ಲಾರ್ಸಮನ್ ಗುಡ್ಡಗಳಲ್ಲಿದೆ, 2012ರ ಮಾರ್ಚಿನಿಂದ. ಉಪಗ್ರಹಗಳಿಂದ ಮಾಹಿತಿ ಇಳಿಸಿಕೊಳ್ಳುವ ಇಸ್ರೋದ ನೆಲೆಯೂ ಅಲ್ಲಿದೆ. ಭೂಪಟದಲ್ಲಿ ಅದರ ರೇಖಾಂಶ ನೋಡಿದರೆ 76 ಡಿಗ್ರಿ ಪೂರ್ವದ ಚೂರು ಆಚೆ. ನೆಲಮಂಗಲದ್ದು 77 ಡಿಗ್ರಿಯ ಚೂರು ಆಚೆ. ಅಂದರೆ ನೆಲಮಂಗಲದಿಂದ ಮುಖವನ್ನು ನೇರ ದಕ್ಷಿಣಕ್ಕೆ ತಿರುಗಿಸಿ, ಎಡಬಲ ನೋಡದೆ ಹೊರಟರೆ, ತಮಿಳುನಾಡು ದಾಟಿ, ಹಿಂದೂ ಮಹಾಸಾಗರ ದಾಟಿ, ಸುಮಾರು 9,200 ಕಿ.ಮೀ. ಆದ ಮೇಲೆ ಭಾರತಿ ಠಾಣೆಯಿಂದ ಐವತ್ತು ಕಿ.ಮೀ. ಆಸುಪಾಸಿನಲ್ಲೇ ಎದ್ದು ನಿಲ್ಲುತ್ತೀರಿ. ನಮ್ಮ ನೇರ ದಕ್ಷಿಣದ ನೆರೆಹೊರೆ ಅದು. ನಡುವೆ ಸಮುದ್ರ ಬಿಟ್ಟರೆ ಹೆಚ್ಚೇನಿಲ್ಲ. ಅಷ್ಟು ದೂರ ಕ್ರಮಿಸಲು ನೈಸಾರ್‌ಗೆ 23 ನಿಮಿಷ ಸಾಕು.

ಅಲ್ಲಿರುವ ಮಂಜಿನ ಅಳತೆಗೆ ಬರೋಣ. ಅಂಟಾರ್ಕ್ಟಿಕಾದ ವಿಸ್ತೀರ್ಣ ಸುಮಾರು 1.4 ಕೋಟಿ ಚದರ ಕಿ.ಮೀ.; ನಮ್ಮ ಜಿಲ್ಲೆಯಂಥವು ಆರು ಸಾವಿರ. ಮಂಜಿನ ಸರಾಸರಿ ದಪ್ಪ ಎರಡು ಕಿ.ಮೀ.ಗಿಂತ ತುಸು ಹೆಚ್ಚು. ಅತಿ ಆಳದ ಜಾಗದಲ್ಲಿ ನಾಲ್ಕೂಮುಕ್ಕಾಲು ಕಿ.ಮೀ. ಆ ಸರಾಸರಿ ದಪ್ಪದ ಮಂಜನ್ನೇ ದೇವನಹಳ್ಳಿಯ ವಿಮಾನ ನಿಲ್ದಾಣದ ನೆಲದ ಮೇಲೆ ಹಾಸಿದಿರಿ ಅನ್ನಿ. ರನ್‌ವೇ ಸಮುದ್ರಮಟ್ಟದಿಂದ 915 ಮೀಟರ್ ಮೇಲಿದೆ. ಮಂಜಿನ ಮೇಲ್ಮೈ ಮೂರು ಸಾವಿರ ಮೀಟರಿಗೆ ಹೋಗಿ ನಿಲ್ಲುತ್ತದೆ. ಪಕ್ಕದ ನಂದಿಬೆಟ್ಟ 1,478 ಮೀಟರ್. ಬೆಟ್ಟದ ತುದಿಯ ಯೋಗನಂದೀಶ್ವರನ ಗುಡಿಯ ಮೇಲೆ ಇನ್ನೂ ಒಂದೂವರೆ ಕಿ.ಮೀ. ಮಂಜು ಇರುತ್ತದೆ. ಕರ್ನಾಟಕದಲ್ಲೇ ಎತ್ತರದ ಮುಳ್ಳಯ್ಯನಗಿರಿಯನ್ನು ತಂದು ಪಕ್ಕದಲ್ಲಿ ನಿಲ್ಲಿಸಿದರೂ ಅದರ ನೆತ್ತಿ ಮಂಜಿನೊಳಗೆ ಒಂದು ಕಿ.ಮೀ. ಕೆಳಗೇ ಉಳಿಯುತ್ತದೆ.

ಒಟ್ಟು ಮಂಜು 2.65 ಕೋಟಿ ಘನ ಕಿ.ಮೀ. ಅಷ್ಟನ್ನೂ ಕರ್ನಾಟಕದ ಗಡಿಯೊಳಗೇ ಪೇರಿಸಬೇಕೆಂದರೆ 138 ಕಿ.ಮೀ. ಎತ್ತರದ ಗೋಡೆ ಕಟ್ಟಬೇಕು. ಬಾಹ್ಯಾಕಾಶ ಶುರುವಾಗುವುದು ನೂರು ಕಿ.ಮೀ.ಗೇ. ಬೆಂಗಳೂರು ಗ್ರಾಮಾಂತರದೊಳಗೆ ಮಾತ್ರ ಪೇರಿಸುತ್ತೇನೆಂದರೆ ಕಂಬದ ಎತ್ತರ 11,500 ಕಿ.ಮೀ. ಅದನ್ನು ಅಳೆಯಲು ಹೋದ ನೈಸಾರ್, ತಳದಿಂದ ಹದಿನೈದನೇ ಒಂದು ಭಾಗದಷ್ಟು ಎತ್ತರದಲ್ಲೇ ಡಿಕ್ಕಿ ಹೊಡೆಯುತ್ತದೆ.

ಇಂಥ ಅಂಕಿಗಳ ತೊಂದರೆ ಏನೆಂದರೆ ಬಾಯಿ ಬಿಡಿಸುತ್ತವೆ, ಮನಸ್ಸಿಗೆ ಇಳಿಯುವುದಿಲ್ಲ. ನಮ್ಮ ಕಡೆಯವರಿಗೆ ನೀರಿನ ಲೆಕ್ಕ ತಾಗುವುದು ಟಿಎಂಸಿಯಲ್ಲಿ. ಆ ಭಾಷೆಗೆ ತಿರುಗಿಸೋಣ. ನೂರು ಕೋಟಿ ಟನ್ ಮಂಜು ಕರಗಿದರೆ ಒಂದು ಘನ ಕಿ.ಮೀ. ನೀರು, ಅದು 35.3 ಟಿಎಂಸಿ. ಉತ್ತರದ ಗ್ರೀನ್‌ಲ್ಯಾಂಡ್ 2002ರಿಂದ ಈಚೆಗೆ ವರ್ಷಕ್ಕೆ ಸರಾಸರಿ ಸುಮಾರು 27,000 ಕೋಟಿ ಟನ್ ಮಂಜು ಕಳೆದುಕೊಳ್ಳುತ್ತಿದೆ. ಈ ಅಂಕಿ ಬಂದದ್ದು ರೇಡಾರಿನಿಂದಲ್ಲ, ಗುರುತ್ವದ ಏರಿಳಿತ ಅಳೆಯುವ ಗ್ರೇಸ್ ಎಂಬ ಜೋಡಿ ಉಪಗ್ರಹಗಳಿಂದ. ರೇಡಾರ್ ಲೆಕ್ಕವೂ ಅದರ ಹತ್ತಿರವೇ ಬರುತ್ತದೆ. ಟಿಎಂಸಿಯಲ್ಲಿ ಇದು ಸುಮಾರು 9,500. ಕನ್ನಂಬಾಡಿ ಕಟ್ಟೆ ಭರ್ತಿಯಾದರೆ 49.45 ಟಿಎಂಸಿ, ಅಂಥ 190 ಕಟ್ಟೆ ತುಂಬಬಹುದು. 2018ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪಿನಂತೆ ತಮಿಳುನಾಡಿಗೆ ನಾವು ಬಿಡಬೇಕಾದ ಕಾವೇರಿ ನೀರು ವರ್ಷಕ್ಕೆ 177.25 ಟಿಎಂಸಿ. ಗ್ರೀನ್‌ಲ್ಯಾಂಡ್ ಒಂದು ವರ್ಷದಲ್ಲಿ ಕಳೆದುಕೊಳ್ಳುವ ನೀರಿನಲ್ಲಿ ಈ ಬಾಕಿಯನ್ನು 53 ವರ್ಷ ಚುಕ್ತಾ ಮಾಡಬಹುದು.

ಇನ್ನು ಎತ್ತಿನಹೊಳೆ. ದೊಡ್ಡಬಳ್ಳಾಪುರ, ದೇವನಹಳ್ಳಿ ಕಡೆ ಕೊಳವೆಬಾವಿಗಳು ಸಾವಿರ ಅಡಿ ದಾಟಿದ ಮೇಲೆ ಜನ ಕಣ್ಣಿಟ್ಟು ಕಾಯುತ್ತಿರುವ ಯೋಜನೆ. ಅಂದಾಜು ವೆಚ್ಚ 23,251 ಕೋಟಿ ರೂಪಾಯಿ. ಸಕಲೇಶಪುರದ ಹಳ್ಳಗಳಿಂದ ನೀರೆತ್ತಿ ಏಳು ಜಿಲ್ಲೆಗೆ ಹಂಚುವ ಭರವಸೆ, 527 ಕೆರೆ ತುಂಬಿಸುವ ಮಾತು. ಭೈರಗೊಂಡ್ಲು ಜಲಾಶಯಕ್ಕೆ ಯಾರ ಊರು ಮುಳುಗಬೇಕೆಂಬ ಜಗಳ, ಅಷ್ಟು ನೀರು ಅಲ್ಲಿ ಸಿಗುತ್ತದೆಯೇ ಎಂಬ ತಕರಾರು ಎಲ್ಲ ಬೇರೆ. ಯೋಜನೆ ಕಾಗದದ ಮೇಲೆ ಹೇಳುವ ವರ್ಷದ ಒಟ್ಟು ನೀರು 24.01 ಟಿಎಂಸಿ. ಗ್ರೀನ್‌ಲ್ಯಾಂಡ್ ದಿನವೊಂದಕ್ಕೆ ಕಳೆದುಕೊಳ್ಳುವುದು ಸುಮಾರು 26 ಟಿಎಂಸಿ. ಒಂದು ದಿನಕ್ಕೆ. ಇವತ್ತು ಬೆಳಿಗ್ಗೆಯಿಂದ ನಾಳೆ ಬೆಳಿಗ್ಗೆಯೊಳಗೆ ಒಂದು ಎತ್ತಿನಹೊಳೆ ಹೋಯಿತು. ನಮ್ಮ ಇಡೀ ಜಿಲ್ಲೆಯ ಮೇಲೆ ವರ್ಷವಿಡೀ ಬೀಳುವ ಮಳೆ, 800 ಮಿ.ಮೀ. ಎಂದು ಹಿಡಿದರೆ, ಸುಮಾರು 65 ಟಿಎಂಸಿ. ಅದು ಅಲ್ಲಿಯ ಎರಡೂವರೆ ದಿನದ ಬಾಬತ್ತು.

ಇಷ್ಟೊಂದು ನೀರು ಹರಿದರೆ ಸಮುದ್ರ ಉಕ್ಕಿ ಹೋಗಬೇಕಲ್ಲ ಅನ್ನಿಸುತ್ತದೆ. ಲೆಕ್ಕ ಇಲ್ಲಿ ತಿರುವು ತೆಗೆದುಕೊಳ್ಳುತ್ತದೆ. 1992ರಿಂದ 2020ರವರೆಗೆ ಗ್ರೀನ್‌ಲ್ಯಾಂಡ್, ಅಂಟಾರ್ಕ್ಟಿಕಾ ಎರಡೂ ಸೇರಿ ಕಳೆದುಕೊಂಡ ಮಂಜು 7,56,000 ಕೋಟಿ ಟನ್. ನಮ್ಮ ಜಿಲ್ಲೆಯ ಮೇಲೆ ನಿಲ್ಲಿಸಿದರೆ ಮೂರು ಕಿ.ಮೀ.ಗೂ ಆಳದ ನೀರು. ಜಗತ್ತಿನ ಸಮುದ್ರದ ಮೇಲೆ ಹಂಚಿದರೆ? 21 ಮಿಲಿಮೀಟರ್. ಸಮುದ್ರದ ವಿಸ್ತೀರ್ಣ 36 ಕೋಟಿ ಚದರ ಕಿ.ಮೀ., ಎಲ್ಲವನ್ನೂ ನುಂಗಿ ಎರಡು ಸೆಂ.ಮೀ. ಏರುತ್ತದೆ ಅಷ್ಟೇ. ಮಂಜುಗಡ್ಡೆಯ ಮೇಲೂ ಇದೇ ಕಥೆ. ಕಿ.ಮೀ. ದಪ್ಪದ ಮಂಜಿನಲ್ಲಿ ವರ್ಷಕ್ಕೆ ಆಗುವ ಬದಲಾವಣೆ ಬಹುತೇಕ ಕಡೆ ಸೆಂಟಿಮೀಟರುಗಳಲ್ಲಿ. ದೊಡ್ಡ ಅಂಕಿ ನೋಡಿ ಬೆರಗಾಗುವುದು ಸುಲಭ. ನನ್ನ ಮಟ್ಟಿಗೆ ನಿಜವಾದ ಬೆರಗು ಆ ಚಿಕ್ಕ ಅಂಕಿಯನ್ನು ಆಕಾಶದಿಂದ ಅಳೆಯುವುದರಲ್ಲಿದೆ.

ಮಂಜಿನ ಎತ್ತರ ಅಳೆಯುವ ರೇಡಾರ್ ಮಾಡುವ ಕೆಲಸ ಹೇಳಲು ಸಲೀಸು: ಕೆಳಗೆ ಒಂದು ಮಿಡಿತ ಬಿಡು, ತಿರುಗಿ ಬರುವುದಕ್ಕೆ ಎಷ್ಟು ಹೊತ್ತಾಯಿತು ನೋಡು. 800 ಕಿ.ಮೀ. ಎತ್ತರದಿಂದ ಹೋಗಿಬರಲು ಬೆಳಕಿನ ವೇಗದಲ್ಲಿ ಬೇಕಾಗುವುದು ಸೆಕೆಂಡಿನ ಇನ್ನೂರನೇ ಒಂದು ಭಾಗದ ಆಸುಪಾಸು. ಮಂಜು ಒಂದು ಸೆಂ.ಮೀ. ತಗ್ಗಿದರೆ ಆ ಹೊತ್ತಿನಲ್ಲಿ ಆಗುವ ವ್ಯತ್ಯಾಸ, ಒಂದು ಸೆಕೆಂಡನ್ನು 1,500 ಕೋಟಿ ಚೂರು ಮಾಡಿದರೆ ಅದರಲ್ಲಿ ಒಂದು ಚೂರು. ಅಷ್ಟು ಸೂಕ್ಷ್ಮ ಒಂದೇ ಏಟಿಗೆ ಸಿಗುವುದಿಲ್ಲ. ಲಕ್ಷಗಟ್ಟಲೆ ಮಿಡಿತಗಳ ಸರಾಸರಿ ತೆಗೆಯುತ್ತಾರೆ. 2013ರ ಫೆಬ್ರುವರಿ 25ರಂದು ಹಾರಿದ ಇಸ್ರೋದ ಸರಳ್ ಉಪಗ್ರಹ ಫ್ರಾನ್ಸಿನ ಆಲ್ಟಿಕಾ ರೇಡಾರನ್ನು ಹೊತ್ತಿತ್ತು. ಅಲೆಯ ಉದ್ದ ಕೇವಲ ಎಂಟು ಮಿ.ಮೀ. ಉದ್ದ ಅಲೆಗಳು ಒಣ ಹಿಮದೊಳಗೆ ಮೀಟರುಗಟ್ಟಲೆ ಇಳಿದು ಎಲ್ಲಿಂದ ಪುಟಿದೆವೆಂದು ಗೊಂದಲ ಮಾಡುತ್ತವೆ. ಇದು ಹಾಗಲ್ಲ, ಮೇಲ್ಮೈಗೆ ಹತ್ತಿರದಲ್ಲೇ ಪುಟಿದು ಬರುತ್ತದೆ. ಹಿಂದೆ 1990ರ ದಶಕದಲ್ಲಿ ಯುರೋಪಿನ ಇಆರ್‌ಎಸ್-1ರ ರೇಡಾರ್, ಪೂರ್ವ ಅಂಟಾರ್ಕ್ಟಿಕಾದ ಒಂದು ಕಡೆ ಮಂಜಿನ ಮೇಲ್ಮೈ ವಿಚಿತ್ರವಾಗಿ ಮಟ್ಟಸವಾಗಿರುವುದನ್ನು ಗುರುತಿಸಿತ್ತು. ಕೆಳಗಿದ್ದದ್ದು ವೋಸ್ಟಾಕ್ ಸರೋವರ. ಸುಮಾರು ನಾಲ್ಕು ಕಿ.ಮೀ. ಮಂಜಿನಡಿ ಹೂತುಹೋದ, ನಮ್ಮ ಜಿಲ್ಲೆಯ ಐದು ಪಟ್ಟು ದೊಡ್ಡ ಸಿಹಿನೀರಿನ ಕೆರೆ. ಮೇಲಿನ ಸಪಾಟು ನೋಡಿ ಕೆಳಗಿನ ನೀರಿನ ಉದ್ದಗಲ ಹೇಳಿದರು.

ಆದರೆ ಬೆಂಗಳೂರಿನಲ್ಲಿ ಕಟ್ಟಿದ ಉಪಗ್ರಹವೊಂದು ಧ್ರುವಗಳ ಚರಿತ್ರೆಯಲ್ಲಿ ಹೆಸರು ಬರೆಸಿದ ದಿನ ಬೇರೆಯೇ ಇದೆ. 2009ರ ಸೆಪ್ಟೆಂಬರ್ 23ರಂದು ಓಷನ್‌ಸ್ಯಾಟ್-2 ಹಾರಿತು. ಅದರಲ್ಲೊಂದು ಗಿರಗಿರ ತಿರುಗುವ, ಮೀಟರ್ ಅಗಲದ ರೇಡಾರ್ ಡಿಶ್. ಸಮುದ್ರದ ಅಲೆಗಳ ಒರಟುತನ ನೋಡಿ ಗಾಳಿಯ ವೇಗ ಹೇಳುವುದು ಅದರ ಕಸುಬು. ಚಂಡಮಾರುತದ ಮುನ್ಸೂಚನೆಗೆ ಬೇಕಾದದ್ದು. ಅದೇ ರೇಡಾರ್ ಗ್ರೀನ್‌ಲ್ಯಾಂಡ್ ಮೇಲೂ ಹಾಯುತ್ತಿತ್ತು. ಒಣ ಹಿಮದೊಳಗೆ ರೇಡಾರ್ ಅಲೆ ಇಳಿದು, ಒಳಗಿನ ಹರಳುಗಳಿಗೆ ತಾಗಿ, ಜೋರಾಗಿ ಮರಳುತ್ತದೆ. ಹಿಮ ಸ್ವಲ್ಪ ಒದ್ದೆಯಾದರೆ ಸಾಕು, ನೀರು ಅಲೆಯನ್ನು ಹೀರಿಬಿಡುತ್ತದೆ. ಮಾರ್ದನಿ ಥಟ್ಟನೆ ಕುಸಿಯುತ್ತದೆ. ಎಲ್ಲಿ ಹಿಮ ನೀರೊಡೆದಿದೆ ಎಂದು ತಿಳಿಯಲು ಇದಕ್ಕಿಂತ ನಂಬಿಗಸ್ತ ಸಾಕ್ಷಿ ಬೇಕಿಲ್ಲ.

2012ರ ಜುಲೈ. ನಾಸಾದ ಜೆಟ್ ಪ್ರೊಪಲ್ಷನ್ ಲ್ಯಾಬೊರೇಟರಿಯಲ್ಲಿ ಸನ್ ನ್ಗಿಯೆಮ್ ಎಂಬ ವಿಜ್ಞಾನಿ ಓಷನ್‌ಸ್ಯಾಟ್-2ರ ಮಾಹಿತಿ ತಿರುವಿ ನೋಡುತ್ತಿದ್ದರು. ಬೇಸಿಗೆಯಲ್ಲಿ ಗ್ರೀನ್‌ಲ್ಯಾಂಡಿನ ಮೇಲ್ಮೈಯ ಅರ್ಧದಷ್ಟು ಒದ್ದೆಯಾಗುವುದು ವಾಡಿಕೆ. ಜುಲೈ 8ರಂದು ಸುಮಾರು ಶೇ. 40 ಇತ್ತು. ಜುಲೈ 12ರ ಚಿತ್ರದಲ್ಲಿ ಇಡೀ ದ್ವೀಪವೇ ಕರಗಿದಂತೆ ಕಾಣಿಸಿತು. ಅವರಿಗೆ ಮೊದಲು ಬಂದ ಯೋಚನೆ: ಇದು ನಿಜವೋ, ಮಾಹಿತಿಯಲ್ಲಿ ಏನೋ ದೋಷವೋ? ನಾಸಾದ ಬೇರೆ ಉಪಗ್ರಹದವರನ್ನು, ಇನ್ನೊಂದು ವಿಶ್ವವಿದ್ಯಾಲಯದವರನ್ನು ಕೇಳಿದರು. ಎಲ್ಲರದೂ ಒಂದೇ ಉತ್ತರ. ಶೇ. 97. ನಾಲ್ಕೇ ದಿನದಲ್ಲಿ ಹೊಸದಾಗಿ ನೀರೊಡೆದ ಹಿಮದ ವಿಸ್ತೀರ್ಣ ಕರ್ನಾಟಕದ ಐದು ಪಟ್ಟು. ನಮ್ಮ ಜಿಲ್ಲೆಯ ಲೆಕ್ಕದಲ್ಲಿ ದಿನಕ್ಕೆ ನೂರು ಜಿಲ್ಲೆ! ಸಮುದ್ರಮಟ್ಟದಿಂದ 3,200 ಮೀಟರ್ ಮೇಲಿರುವ, ಬೇಸಿಗೆಯಲ್ಲೂ ಹೆಪ್ಪುಗಟ್ಟಿಯೇ ಇರುವ ಸಮ್ಮಿಟ್ ಠಾಣೆಯಲ್ಲಿ ಕೂಡ ಹಿಮ ಪಸೆಯೊಡೆದಿತ್ತು. ಮಂಜಿನ ಪದರಗಳ ದಾಖಲೆ ಪ್ರಕಾರ ಅಲ್ಲಿ ಹಿಂದೆ ಹೀಗಾದದ್ದು 1889ರಲ್ಲಿ.

ಒಂದು ಮಾತು ಸ್ಪಷ್ಟವಿರಲಿ. ಕರಗಿದ್ದು ಮೇಲಿನ ತೆಳು ಪದರ. ದ್ವೀಪದ ಮಂಜೆಲ್ಲ ನೀರಾಗಿ ಹರಿಯಲಿಲ್ಲ, ಬಹುಪಾಲು ಮತ್ತೆ ಹೆಪ್ಪುಗಟ್ಟಿತು. ಆಗ ಕೆಲವರು ಗ್ರೀನ್‌ಲ್ಯಾಂಡೇ ಕರಗಿತೆಂದು ಬರೆದರು. ನಿಜವೇ ಸಾಕಷ್ಟು ದೊಡ್ಡದಿರುವಾಗ ಊದಿ ಹೇಳುವ ಅಗತ್ಯ ಏನಿತ್ತೋ.

ಮಂಜು ಕರಗುವುದಷ್ಟೇ ಅಲ್ಲ, ನಡೆಯುತ್ತದೆ ಕೂಡ. ಅದರ ನಡಿಗೆ ಹಿಡಿಯುವ ವಿದ್ಯೆ ರೇಡಾರಿನ ಎಲ್ಲ ವಿದ್ಯೆಗಳಲ್ಲಿ ಚೆಲುವಾದದ್ದು. ದೊಡ್ಡಬಳ್ಳಾಪುರದಲ್ಲಿ ನೇಯುವ ತೆಳು ರೇಷ್ಮೆ ಸೀರೆಯ ಒಂದು ಪದರದ ಮೇಲೆ ಇನ್ನೊಂದು ಪದರ ಹಾಸಿ, ಬೆಳಕಿಗೆ ಹಿಡಿದು ನೋಡಿ. ಎರಡರಲ್ಲೂ ಅದೇ ಹಾಸು, ಅದೇ ಹೊಕ್ಕು. ಆದರೂ ನಡುವೆ ಅಲೆಅಲೆಯಾದ ಗೆರೆಗಳು ಮೂಡುತ್ತವೆ. ಮೇಲಿನ ಪದರವನ್ನು ಒಂದೆಳೆಯಷ್ಟು ಜರುಗಿಸಿ, ಆ ಗೆರೆಗಳು ಗೇಣುದ್ದ ಓಡುತ್ತವೆ. ಎಳೆಯ ಚಲನೆ ಕಣ್ಣಿಗೆ ಕಾಣದು, ಗೆರೆಯ ಓಟ ಕಾಣುತ್ತದೆ. ನೈಸಾರ್ ಮಾಡುವುದೂ ಇದನ್ನೇ. 12 ದಿನಕ್ಕೊಮ್ಮೆ, 173 ಸುತ್ತು ಮುಗಿಸಿ, ಅದೇ ಜಾಗದ ಮೇಲೆ ಅದೇ ದಾರಿಯಲ್ಲಿ ಬರುತ್ತದೆ. ಅಂದಿನ ರೇಡಾರ್ ಚಿತ್ರ, ಇಂದಿನ ಚಿತ್ರ ಎರಡನ್ನೂ ಒಂದರ ಮೇಲೊಂದು ಇಟ್ಟರೆ ಗೆರೆಗಳು ಮೂಡುತ್ತವೆ. ಒಂದೊಂದು ಗೆರೆ ಅಂದರೆ ನೆಲ ಉಪಗ್ರಹದ ಕಡೆಗೋ ಆಚೆಗೋ 12 ಸೆಂ.ಮೀ. ಸರಿದಿದೆ ಎಂದರ್ಥ. ಗೆರೆಯೊಳಗಿನ ಛಾಯೆ ನೋಡಿ ಅದರ ಸಣ್ಣ ಪಾಲನ್ನೂ ಹೇಳಬಹುದು.

ರಿಚರ್ಡ್ ಗೋಲ್ಡ್‌ಸ್ಟೀನ್ ಮತ್ತು ಸಂಗಡಿಗರು 1993ರಲ್ಲಿ ಇಆರ್‌ಎಸ್-1ರ ಚಿತ್ರಗಳಿಂದ ಅಂಟಾರ್ಕ್ಟಿಕಾದ ರಟ್‌ಫರ್ಡ್ ಮಂಜಿನ ಹೊಳೆಯ ನಡಿಗೆಯನ್ನು ಹೀಗೆ ಮೊದಲ ಸಲ ಅಳೆದು ತೋರಿಸಿದರು. ಮೇಲೆ ಕೆಳಗೆ ಆಗುವ ಚಲನೆಯಲ್ಲಿ ಅವರು ಹಿಡಿಯಬಲ್ಲ ಅತಿ ಕಡಿಮೆ ಅಂತರ ಒಂದೂವರೆ ಮಿ.ಮೀ. ಉಪಗ್ರಹ ಇದ್ದದ್ದು ಸುಮಾರು 780 ಕಿ.ಮೀ. ಎತ್ತರದಲ್ಲಿ. ಒಂದನ್ನು ಇನ್ನೊಂದರಿಂದ ಭಾಗಿಸಿ: ಐವತ್ತೆರಡು ಕೋಟಿಯಲ್ಲಿ ಒಂದು ಪಾಲು. ಮಂಜಿನ ನಾಲಿಗೆ ನೆಲ ಬಿಟ್ಟು ಎಲ್ಲಿ ಸಮುದ್ರದ ಮೇಲೆ ತೇಲತೊಡಗುತ್ತದೆ ಎಂಬುದೂ ಇದರಿಂದ ಗೊತ್ತಾಗುತ್ತದೆ, ಏಕೆಂದರೆ ತೇಲುವ ಭಾಗ ಮಾತ್ರ ಭರತ-ಇಳಿತಕ್ಕೆ ಏರಿಳಿಯುತ್ತದೆ. ನೂರಾರು ಮೀಟರ್ ದಪ್ಪದ ಮಂಜು ಉಸಿರಾಡುವುದನ್ನು ಆಕಾಶದಿಂದ ನೋಡುವುದು.

ನಡಿಗೆಯ ವೇಗವೂ ಒಂದೊಂದು ಕಡೆ ಒಂದೊಂದು ಥರ. ಅಂಟಾರ್ಕ್ಟಿಕಾದ ಒಳನಾಡಿನ ದಿಬ್ಬಗಳ ಮೇಲೆ ವರ್ಷಕ್ಕೆ ಕೆಲವೇ ಸೆಂ.ಮೀ. ಅಂಚಿನ ಪೈನ್ ಐಲ್ಯಾಂಡ್ ಹಿಮನದಿ ವರ್ಷಕ್ಕೆ ನಾಲ್ಕು ಕಿ.ಮೀ.; ನೈಸಾರ್ ಎರಡನೇ ಸಲ ಬರುವಷ್ಟರಲ್ಲಿ 130 ಮೀಟರ್ ಮುಂದೆ ಹೋಗಿರುತ್ತದೆ. ಗ್ರೀನ್‌ಲ್ಯಾಂಡಿನ ಯಾಕೋಬ್ಸ್‌ಹಾವ್ನ್ 2012ರ ಬೇಸಿಗೆಯಲ್ಲಿ ದಿನಕ್ಕೆ 46 ಮೀಟರ್ ಓಡಿತ್ತು. ಅದೇ ಓಟ ವರ್ಷವಿಡೀ ಓಡಿದ್ದರೆ ಹದಿನೇಳು ಕಿ.ಮೀ., ದೊಡ್ಡಬಳ್ಳಾಪುರದಿಂದ ಹೊರಟದ್ದು ದೇವನಹಳ್ಳಿಯ ಹೊರವಲಯ ಮುಟ್ಟುತ್ತಿತ್ತು.

ಜಗತ್ತಿನ ಕಣ್ಣೆಲ್ಲ ಇರುವುದು ಪಶ್ಚಿಮ ಅಂಟಾರ್ಕ್ಟಿಕಾದ ಥ್ವೇಟ್ಸ್ ಹಿಮನದಿಯ ಮೇಲೆ. ಅದರ ವಿಸ್ತೀರ್ಣ ಸುಮಾರು 1,92,000 ಚದರ ಕಿ.ಮೀ. ಕರ್ನಾಟಕದ ವಿಸ್ತೀರ್ಣ 1,91,791. ಬೀದರಿನಿಂದ ಚಾಮರಾಜನಗರದವರೆಗೆ, ಕಾರವಾರದಿಂದ ಕೋಲಾರದವರೆಗೆ ಇರುವ ಒಂದೇ ಒಂದು ಹಿಮನದಿ! ಅದರಲ್ಲಿರುವ ಮಂಜು ಪೂರ್ತಿ ಕರಗಿದರೆ ಸಮುದ್ರ 65 ಸೆಂ.ಮೀ. ಏರುತ್ತದೆ. ರೇಡಾರ್ ಉಪಗ್ರಹಗಳ 2023ರ ಚಿತ್ರಗಳನ್ನು ನೋಡಿದವರು, ಭರತ ಬಂದಾಗ ಸಮುದ್ರದ ಬೆಚ್ಚನೆಯ ಉಪ್ಪುನೀರು ಈ ಹಿಮನದಿಯ ಅಡಿಗೆ ಕಿ.ಮೀ.ಗಟ್ಟಲೆ ನುಗ್ಗುತ್ತಿದೆಯೆಂದು 2024ರಲ್ಲಿ ವರದಿ ಮಾಡಿದರು. ನೀರು ಕಂಡದ್ದಲ್ಲ. ಮೇಲಿನ ಮಂಜು ಕೆಲವು ಸೆಂ.ಮೀ. ಉಬ್ಬಿ ಇಳಿದದ್ದು ಕಂಡಿತು.

ಎಲ್ಲ ಮಂಜೂ ಕರಗಿದರೆ ಸಮುದ್ರ 65 ಮೀಟರ್ ಏರುತ್ತದೆಂಬ ಲೆಕ್ಕವೂ ಇದೆ. ಅದು ಸಾವಿರಾರು ವರ್ಷದ ಮಾತು. ಆಗಲೂ ನಮ್ಮ ಜಿಲ್ಲೆ ಸಮುದ್ರಕ್ಕಿಂತ ಎಂಟುನೂರು ಮೀಟರ್ ಮೇಲೇ ಇರುತ್ತದೆ. ಇಲ್ಲಿನ ಸೈಟುಗಳ ರೇಟು ಇನ್ನೂ ಏರಲು ಅದೊಂದು ನೆಪವಾದೀತು. ಮಂಗಳೂರು, ಮಲ್ಪೆ, ಕಾರವಾರದವರಿಗೆ ಮಾತ್ರ ಸೆಂಟಿಮೀಟರಿನ ಲೆಕ್ಕವೇ ಸಾಕು.

ಎಡಕ್ಕೆ ನೋಡುವ ಉಪಗ್ರಹದ ಕಥೆಯೊಂದನ್ನು ಹೇಳಲೇಬೇಕು. ನೈಸಾರ್‌ನಂಥ ಚಿತ್ರ ತೆಗೆಯುವ ರೇಡಾರುಗಳು ನೇರ ಕೆಳಕ್ಕೆ ನೋಡುವುದಿಲ್ಲ, ಓರೆಯಾಗಿ ಒಂದು ಪಕ್ಕಕ್ಕೆ ನೋಡುತ್ತವೆ. ಬಹುತೇಕ ಉಪಗ್ರಹಗಳು ಬಲಕ್ಕೆ. ಹಾಗಾಗಿ ಉತ್ತರ ಧ್ರುವ ಚೆನ್ನಾಗಿ ಕಾಣುತ್ತದೆ, ದಕ್ಷಿಣ ಧ್ರುವದ ಸುತ್ತ ದೊಡ್ಡ ಕುರುಡು ವೃತ್ತ ಉಳಿಯುತ್ತದೆ. 1997ರಲ್ಲಿ ಕೆನಡಾದವರು ತಮ್ಮ ರಾಡಾರ್‌ಸ್ಯಾಟ್-1ನ್ನು ಆಕಾಶದಲ್ಲೇ ಹಿಂದುಮುಂದಾಗಿ ತಿರುಗಿಸಿ, ಕೆಲವೇ ವಾರ ಎಡಕ್ಕೆ ನೋಡಿಸಿ, ಅಂಟಾರ್ಕ್ಟಿಕಾದ ಮೊದಲ ಸಂಪೂರ್ಣ ರೇಡಾರ್ ನಕ್ಷೆ ಮಾಡಿದ್ದರು. ನೈಸಾರ್ ಯೋಜಿಸಿದವರು ಮೊದಲು ಸ್ವಲ್ಪ ದಿನ ಎಡಕ್ಕೆ, ಸ್ವಲ್ಪ ದಿನ ಬಲಕ್ಕೆ ಎಂದುಕೊಂಡಿದ್ದರು. ಆಮೇಲೆ ಗಟ್ಟಿ ಮನಸ್ಸು ಮಾಡಿ, ಆಯುಷ್ಯವಿಡೀ ಎಡಕ್ಕೇ ನೋಡುವುದೆಂದು ನಿಶ್ಚಯಿಸಿದರು. ಅದರಿಂದ ದಕ್ಷಿಣದಲ್ಲಿ 87.5 ಡಿಗ್ರಿವರೆಗೆ ಕಾಣುತ್ತದೆ, ಉತ್ತರದಲ್ಲಿ 77.5 ಡಿಗ್ರಿಗೇ ನಿಲ್ಲುತ್ತದೆ. ಉತ್ತರವನ್ನು ನೋಡಲು ಯುರೋಪಿನ ಸೆಂಟಿನೆಲ್-1 ಇದೆ, ಬೇರೆಯವೂ ಇವೆ. ದಕ್ಷಿಣವನ್ನು ಹೀಗೆ ಎಡೆಬಿಡದೆ ನೋಡುವವರು ಇರಲಿಲ್ಲ. ಒಳ್ಳೆಯ ತೀರ್ಮಾನ. ನಮ್ಮ ರೇಖಾಂಶದಲ್ಲೇ ನೇರ ಕೆಳಗಿರುವ ಭಾರತಿ ಠಾಣೆಗೂ, ಅದರ ಸೀಮೆಯಲ್ಲಿ ಸಮುದ್ರದ ಮೇಲೆ ಚಾಚಿ ತೇಲುವ ಮಂಜಿನ ಹಾಸಾದ ಅಮೆರಿ ಹಿಮಚಾವಡಿಗೂ ಅದರಿಂದ ಲಾಭ. 2019ರ ಸೆಪ್ಟೆಂಬರ್ ಕೊನೆಯಲ್ಲಿ ಅಮೆರಿಯಿಂದ ಕಳಚಿದ ಒಂದು ತುಂಡಿನ ವಿಸ್ತೀರ್ಣ 1,636 ಚದರ ಕಿ.ಮೀ., ನಮ್ಮ ಜಿಲ್ಲೆಯ ಮುಕ್ಕಾಲು ಪಾಲಿನ ಹತ್ತಿರ. ಮೊದಲೇ ತೇಲುತ್ತಿದ್ದ ಮಂಜಾದ್ದರಿಂದ ಸಮುದ್ರದ ಮಟ್ಟ ಅದರಿಂದ ಏರಲಿಲ್ಲ. ಹಿಮಚಾವಡಿಗಳು ಆಗೀಗ ಹೀಗೆ ತುಂಡು ಉದುರಿಸುವುದು ಸಹಜ ಎಂದೂ ವಿಜ್ಞಾನಿಗಳು ಹೇಳಿದರು.

ನೈಸಾರ್‌ನಿಂದ ತಯಾರಾಗುವ ಮಾಹಿತಿ ದಿನಕ್ಕೆ ಸರಾಸರಿ 80 ಟೆರಾಬೈಟ್ ಎಂದು ನಾಸಾ ಅಂದಾಜು ಮಾಡಿದೆ. 512 ಜಿಬಿಯ ಹಾರ್ಡ್ ಡಿಸ್ಕುಗಳಲ್ಲಿ ತುಂಬಿದರೆ ದಿನಕ್ಕೆ ನೂರೈವತ್ತಕ್ಕೂ ಹೆಚ್ಚು. ಇದನ್ನೆಲ್ಲ ನೋಡಿ ಮುಗಿಸುವಷ್ಟು ವಿಜ್ಞಾನಿಗಳು ಜಗತ್ತಿನಲ್ಲಿ ಇಲ್ಲ. ಅದಕ್ಕೇ ದೊಡ್ಡಬಳ್ಳಾಪುರ, ಹೊಸಕೋಟೆ, ನೆಲಮಂಗಲ, ದೇವನಹಳ್ಳಿಯ ಕಾಲೇಜುಗಳ ಭೌತಶಾಸ್ತ್ರ, ಭೂಗೋಳದ ಮೇಷ್ಟ್ರುಗಳಲ್ಲಿ, ಮೇಡಮ್ಮುಗಳಲ್ಲಿ ಒಂದು ಕೋರಿಕೆ. ಮಕ್ಕಳನ್ನು ಕೂರಿಸಿಕೊಂಡು ಮೊದಲು ಸೆಂಟಿನೆಲ್-1ರ ಹಳೆಯ ಚಿತ್ರಗಳನ್ನು ತೆರೆಯಿರಿ. 2014ರಿಂದ ಈಚಿನವು ಸಿಗುತ್ತವೆ. ಹೊಸಕೋಟೆ ಕೆರೆ ಹುಡುಕಿಸಿ. ನಿಂತ ನೀರು ರೇಡಾರಿಗೆ ಕಪ್ಪಾಗಿ ಕಾಣುವುದರಿಂದ ತುಂಬಿದ ವರ್ಷ ಯಾವುದು, ಬತ್ತಿದ ವರ್ಷ ಯಾವುದು ಎಂದು ಹುಡುಗರೇ ಹೇಳುತ್ತಾರೆ. ಅದಾದ ಮೇಲೆ ದಕ್ಷಿಣಕ್ಕೆ ಇಳಿದು ಅಮೆರಿಯ ಮಂಜು ತೋರಿಸಿ, ನೈಸಾರ್ ಚಿತ್ರಗಳಿಗೆ ಹೋಗಿ. ನೈಸಾರ್ ಮಾಹಿತಿಯನ್ನು ಎಲ್ಲರಿಗೂ ತೆರೆದಿಡುವುದು ನಾಸಾ, ಇಸ್ರೋ ಎರಡರ ಘೋಷಿತ ನೀತಿ. ಅಮೆರಿಕದ ಅಲಾಸ್ಕಾ ಕೇಂದ್ರದ ಮೂಲಕವೋ ಇಸ್ರೋದ ಭೂನಿಧಿ ತಾಣದ ಮೂಲಕವೋ ಹೆಸರು ನೋಂದಾಯಿಸಿ ಪಡೆಯಬಹುದು. ಶುಲ್ಕ ಇಲ್ಲ.